ಇನ್‌ಟೇಕ್ ಮ್ಯಾನಿಫೋಲ್ಡಿನ ನೀರಿನ ದಾರಿಗೆ ಬೂಚು ಹೊಡೆಯುವ ಮೊದಲು ಮತ್ತು ಆಮೇಲೆ

ಹೋದ ಏಪ್ರಿಲ್‌ನಲ್ಲಿ ಗಂಗಾವತಿ ಕಡೆಯ ಹುಡುಗನೊಬ್ಬ, ಹಳೇ ಜಿಪ್ಸಿಯಲ್ಲಿ ಕಾರ್ಬೊರೇಟರಿನ ಗಾಳಿ-ಪೆಟ್ರೋಲನ್ನು ಸಿಲಿಂಡರುಗಳಿಗೆ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಳ್ಳಾರಿಯ ನಮ್ಮ ಗ್ಯಾರೇಜಿಗೆ ಬಂದಿದ್ದ. ಇನ್ನೊಂದು ಚೀಲದಲ್ಲಿ ಎರಡು ಕಾರ್ಬೊರೇಟರ್ ಕೂರುವಂತೆ ಮಾಡಿಸಿದ ಹೊಸ ಮ್ಯಾನಿಫೋಲ್ಡ್ ಇತ್ತು. ಎರಡನ್ನೂ ಬೆಂಚಿನ ಮೇಲೆ ಇಟ್ಟು ಕೇಳಿದ: "ಅಣ್ಣಾ, ಹಳೇದರಾಗ ನೀರಿಂದು ತೂತು ಐತಿ, ಹೊಸದರಾಗ ಇಲ್ಲ. ಹೆಡ್ಡಿನ ಮ್ಯಾಲಿನ ತೂತಿಗೆ ಒಂದು ಬೂಚು ಹೊಡದ್ರ ಆತಲ್ಲ?"

"ಆಗಂಗಿಲ್ಲ ತಮ್ಮಾ," ಅಂದೆ. "ಇಂಜಿನ್ನಿನ ನೀರೆಲ್ಲ ಆ ತೂತಿನಿಂದಾನ ಹೊರಗ ಬರೋದು. ಅದನ್ನ ಮುಚ್ಚಿದ್ರ ರೇಡಿಯೇಟರಿಗೆ ಹೋಗೋದು ಏನು?"

ಆತನ ಮುಖ ಬಾಡಿತು. ಆದರೆ ಕೆಲಸ ಆಗದು ಎಂದು ನಾನು ಹೇಳಿರಲಿಲ್ಲ, ಬರೀ ಬೂಚಿನಿಂದ ಆಗದು ಎಂದಿದ್ದೆ. ಆ ಜಿಪ್ಸಿ ಈಗಲೂ ಓಡುತ್ತಿದೆ. ಅಂದು ಆತನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಹಳೇ ಪೆಟ್ರೋಲ್ ಗಾಡಿಗಳ ಮೇಲೆ ಪ್ರೀತಿ ಇಟ್ಟು ತಾವೇ ಸ್ಪ್ಯಾನರ್ ಹಿಡಿಯುವ ಹುಡುಗರು ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಬಹಳ ಮಂದಿ ಇದ್ದಾರೆ. ಅವರ ಇಂಜಿನ್ ಉಳಿಯಬೇಕು ಎನ್ನುವುದೇ ನನ್ನ ಆಸೆ.

ಗಾಳಿ ಹೋಗುವ ಕಡೆ ನೀರು ಯಾಕೆ?

ಕಾರ್ಬೊರೇಟರಿನಿಂದ ಇಳಿಯುವ ಪೆಟ್ರೋಲ್ ಪೂರ್ತಿ ಆವಿಯಾಗಿರುವುದಿಲ್ಲ. ಸಣ್ಣ ಹನಿಗಳಾಗಿ ಬಂದು ಮ್ಯಾನಿಫೋಲ್ಡಿನ ಗೋಡೆಗೆ ಅಂಟುತ್ತದೆ. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುವುದರಿಂದ ಆ ಗೋಡೆ ಇನ್ನಷ್ಟು ತಣ್ಣಗಾಗುತ್ತದೆ. ತಣ್ಣನೆ ಗೋಡೆಯ ಮೇಲೆ ಪೆಟ್ರೋಲ್ ಹರಿದರೆ ಒಂದು ಸಿಲಿಂಡರಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಹೋಗಿ ಇಂಜಿನ್ ತಡವರಿಸುತ್ತದೆ. ಅದಕ್ಕೇ ಕಾರ್ಬೊರೇಟರಿನ ಕೆಳಗೆ ಬಿಸಿನೀರು ಹರಿಯುವ ಅಂಕಣ ಕೊಟ್ಟಿರುತ್ತಾರೆ. ಇಂಜೆಕ್ಷನ್ ಗಾಡಿಗಳಲ್ಲಿ ಇದೇ ಕೆಲಸಕ್ಕೆ, ಒಳಹೋಗುವ ಗಾಳಿಯನ್ನು ಹಿಡಿದು ಬಿಡುವ ಥ್ರಾಟಲ್ ಬಾಡಿಗೆ ಎರಡು ಸಣ್ಣ ಹೋಸ್ ಬಂದಿರುತ್ತವೆ. ಚಳಿಯ ಊರಲ್ಲಿ ಥ್ರಾಟಲ್ ತಟ್ಟೆಗೆ ಹಿಮ ಕಟ್ಟಬಾರದು ಎಂಬ ಲೆಕ್ಕ ಅದು.

ಹಾಗಿದ್ದರೆ ಬಳ್ಳಾರಿ ಬಿಸಿಲಿಗೆ ಅದರ ಅಗತ್ಯ ಏನು ಎಂದು ಕೇಳಬಹುದು. ಆ ಶಾಖ ಇಲ್ಲಿ ಅಷ್ಟಾಗಿ ಬೇಕಿಲ್ಲ, ನಿಜ. ಮುಚ್ಚಿದ ಮೇಲೆ ಡಿಸೆಂಬರ್ ಬೆಳಗ್ಗೆ ಚೋಕ್ ಎಳೆದು ಮೂರ್ನಾಲ್ಕು ನಿಮಿಷ ಹೆಚ್ಚು ಕಾಯಬೇಕಾದೀತು, ಅಷ್ಟೇ. ತೊಂದರೆ ಇರುವುದು ಬೇರೆ ಕಡೆ. ಮ್ಯಾನಿಫೋಲ್ಡಿಗೆ ಶಾಖ ಕೊಡುವ ಅದೇ ನೀರಿಗೆ ಇಂಜಿನ್ ಮಾಡಿದವರು ಇನ್ನೂ ಎರಡು ಮೂರು ಕೆಲಸ ಹಚ್ಚಿರುತ್ತಾರೆ. ನಾವು ಕೆಡಿಸುವುದು ಆ ಕೆಲಸಗಳನ್ನು.

ಶಕ್ತಿ ಹೆಚ್ಚುತ್ತದೆ ಎಂಬ ಆಸೆಯಿಂದಲೇ ಮುಚ್ಚುವವರಿಗೆ ಒಂದು ಲೆಕ್ಕ. ನಮ್ಮ ಹವೆಯಲ್ಲಿ ಒಳಹೋಗುವ ಗಾಳಿ 3 ಡಿಗ್ರಿ ತಂಪಾದರೆ ಅದರ ಸಾಂದ್ರತೆ ಹೆಚ್ಚುವುದು ಹೆಚ್ಚುಕಮ್ಮಿ ನೂರಕ್ಕೆ 1ರಷ್ಟು. ಪೂರ್ತಿ ಎಕ್ಸಲೇಟರ್ ತುಳಿದಾಗ ಗಾಳಿ ಮ್ಯಾನಿಫೋಲ್ಡಿನಲ್ಲಿ ನಿಲ್ಲುವುದೇ ಇಲ್ಲ, ಹಾದು ಹೋಗಿಬಿಡುತ್ತದೆ. ಹೀಗಾಗಿ ನೀರು ನಿಲ್ಲಿಸಿದ್ದರಿಂದ ಸಿಗುವ ಲಾಭ ಸೀಟಿನಲ್ಲಿ ಕೂತವನಿಗೆ ಗೊತ್ತಾಗುವಷ್ಟು ಇರುವುದಿಲ್ಲ. ಬಾನೆಟ್ ಒಳಗಿನ ಬಿಸಿಗಾಳಿ ಬಿಟ್ಟು ಹೊರಗಿನ ಗಾಳಿ ಎಳೆಯುವಂತೆ ಪೈಪ್ ಕೊಟ್ಟರೆ ಅದಕ್ಕಿಂತ ಹೆಚ್ಚು ಪ್ರಯೋಜನ. ನೀರಿನ ದಾರಿ ಮುಚ್ಚಲು ನಾನು ಒಪ್ಪುವ ಕಾರಣ ಎರಡೇ: ಬೇರೆ ಬಗೆಯ ಮ್ಯಾನಿಫೋಲ್ಡ್ ಹಾಕುತ್ತಿರುವುದು, ಇಲ್ಲವೇ ಇರುವ ಮ್ಯಾನಿಫೋಲ್ಡನ್ನು ಬೋರಿನ ನೀರು ತಿಂದು ತೂತು ಮಾಡಿರುವುದು. ನಮ್ಮ ಮೂರೂ ಜಿಲ್ಲೆಗಳಲ್ಲಿ ಎರಡನೆಯದೇ ಹೆಚ್ಚು. ಉಪ್ಪು ನೀರು ಅಲ್ಯೂಮಿನಿಯಂ ಅನ್ನು ತಿಂದು ಬಿಳಿ ಪುಡಿ ಮಾಡುತ್ತದೆ. ಹೋಸ್ ಕಿತ್ತಾಗ ಅದು ಕೂತಿದ್ದ ಸ್ಪೌಟ್ (ಮೂತಿ) ಬಾಯಿ ಸುಣ್ಣ ಕಟ್ಟಿದ ಕೊಡದ ಹಾಗೆ ಕಾಣುತ್ತದೆ.

ಮೊದಲು ನೀರಿನ ಜಾಡು ಹಿಡಿಯಿರಿ

ಈ ಹೆಜ್ಜೆಗೆ ಒಂದು ಇಡೀ ಬೆಳಗ್ಗೆ ಕೊಡಿ. ಉಳಿದ ಕೆಲಸ ಕೈಚಳಕದ್ದು. ಇದು ತಲೆಯದು.

ಇಂಜಿನ್ ಪೂರ್ತಿ ತಣ್ಣಗಿರಬೇಕು. ರೇಡಿಯೇಟರಿನ ಕೆಳಗೆ ಟಬ್ ಇಟ್ಟು ಕೂಲೆಂಟ್ ಇಳಿಸಿ, ಟಬ್ ಮೇಲೆ ತಕ್ಷಣ ಹಲಗೆ ಮುಚ್ಚಿ. ಕೂಲೆಂಟ್ ರುಚಿಗೆ ಸಿಹಿ, ಆದರೆ ವಿಷ. ನಾಯಿ, ಮೇಕೆ, ದನ ಓಡಾಡುವ ಓಣಿಯಲ್ಲಿ ಅದನ್ನು ತೆರೆದಿಡಬೇಡಿ, ಚರಂಡಿಗೂ ಚೆಲ್ಲಬೇಡಿ.

ಈಗ ಒಂದು ಹಾಳೆಯಲ್ಲಿ ಚಿತ್ರ ಬರೆಯಿರಿ. ವಾಟರ್ ಪಂಪ್ ಎಲ್ಲಿದೆ, ಬ್ಲಾಕಿನಿಂದ (ಸಿಲಿಂಡರುಗಳಿರುವ ಇಂಜಿನ್ನಿನ ಮೈ) ಹೆಡ್ಡಿಗೆ (ಅದರ ಮೇಲೆ ಕೂರುವ ಭಾಗ) ಬಂದ ನೀರು ಯಾವ ತೂತಿನಿಂದ ಹೊರಬೀಳುತ್ತದೆ, ನೀರು ಕಾದಾಗ ರೇಡಿಯೇಟರಿನ ದಾರಿ ತೆರೆಯುವ ಥರ್ಮೋಸ್ಟಾಟ್ ಎಲ್ಲಿ ಕೂತಿದೆ, ಹೀಟರ್ ಹೋಸ್ ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ, ಎಲ್ಲವನ್ನೂ ಗೆರೆ ಎಳೆದು ಜೋಡಿಸಿ. ಪ್ರತಿ ಹೋಸಿನ ಎರಡೂ ತುದಿಗೆ ಒಂದೇ ಬಣ್ಣದ ವೈರ್ ಟೇಪ್ ಸುತ್ತಿ. ಮ್ಯಾನಿಫೋಲ್ಡ್ ಬಿಚ್ಚಿದ ಮೇಲೆ ಒಂದು ತೂತಿನಿಂದ ಸೈಕಲ್ ಪಂಪಿನಲ್ಲಿ ಗಾಳಿ ಬಿಟ್ಟು ಎಲ್ಲಿಂದ ಬರುತ್ತದೆ ನೋಡಿ. ಬಾಯಿಂದ ಊದಬೇಡಿ.

ಹೀಗೆ ಜಾಡು ಹಿಡಿದರೆ ನಿಮ್ಮ ಗಾಡಿ ಮೂರರಲ್ಲಿ ಒಂದು ಬಗೆಯದು ಎಂದು ತಿಳಿಯುತ್ತದೆ. ತೀರ ಸುಲಭದ್ದು ಹೋಸಿನಿಂದ ಬಂದು ಹೋಸಿನಿಂದಲೇ ಹೋಗುವ ದಾರಿ, ಅಂದರೆ ಇಂಜೆಕ್ಷನ್ ಗಾಡಿಯ ಥ್ರಾಟಲ್ ಬಾಡಿಯದು. ಅಲ್ಲಿ ಬೂಚಿನ ಮಾತೇ ಬೇಡ. ಎರಡೂ ಹೋಸ್ ಕಿತ್ತು ಒಂದು ಜೋಡು ಪೈಪ್ ಹಾಕಿ ಒಂದಕ್ಕೊಂದು ಸೇರಿಸಿದರೆ ಕೆಲಸ ಮುಗಿಯಿತು. ನೀರು ಥ್ರಾಟಲ್ ಬಾಡಿಯನ್ನು ಬಿಟ್ಟು ತನ್ನ ಪಾಡಿಗೆ ತಿರುಗುತ್ತದೆ. ಎರಡೂ ಕಡೆ ಬೋಲ್ಟ್ ತುರುಕಿ ಕ್ಲಿಪ್ ಬಿಗಿಯುವವರನ್ನು ನೋಡಿದ್ದೇನೆ. ಹಾಗೆ ಮಾಡಬಾರದು. ಆ ದಾರಿ ಮುಂದೆ ಎಲ್ಲಿಗೆ ನೀರು ಒಯ್ಯುತ್ತಿತ್ತೋ ಅಲ್ಲಿಗೂ ನೀರು ನಿಲ್ಲುತ್ತದೆ.

ಎರಡನೆಯ ಬಗೆಯಲ್ಲಿ ಹೆಡ್ಡಿನಿಂದ ನೀರು ಮ್ಯಾನಿಫೋಲ್ಡಿಗೆ ಬಂದು, ಕಾರ್ಬೊರೇಟರಿನ ಅಡಿ ಸುತ್ತಿ, ಹೋಸಿನ ಮೂಲಕ ಪಂಪಿಗೆ ಮರಳುತ್ತದೆ. ನೋಡಲು ಬರೀ ಶಾಖದ ದಾರಿ. ಎಷ್ಟೋ ಇಂಜಿನ್ನುಗಳಲ್ಲಿ ಬೈಪಾಸ್, ಅಂದರೆ ರೇಡಿಯೇಟರ್ ಬಿಟ್ಟು ನೀರು ಸುತ್ತುವ ದಾರಿ ಕೂಡ ಇದೇ ಆಗಿರುತ್ತದೆ. ಥರ್ಮೋಸ್ಟಾಟ್ ಸಾಮಾನ್ಯವಾಗಿ 82 ಅಥವಾ 88 ಡಿಗ್ರಿಗೆ ತೆರೆಯತೊಡಗುತ್ತದೆ. ಅಲ್ಲಿಯವರೆಗೆ ರೇಡಿಯೇಟರಿನ ಬಾಗಿಲು ಮುಚ್ಚಿದ್ದರೂ ನೀರು ಇಂಜಿನ್ನಿನೊಳಗೇ ಸುತ್ತುತ್ತಿರಬೇಕು. ಸುತ್ತದಿದ್ದರೆ ಎಕ್ಸಾಸ್ಟ್ ವಾಲ್ವಿನ ಸುತ್ತಲಿನ ನೀರು ಕುದಿಯತೊಡಗಿದರೂ ಥರ್ಮೋಸ್ಟಾಟಿಗೆ ಸುದ್ದಿಯೇ ಮುಟ್ಟುವುದಿಲ್ಲ. ಅದು ತಡವಾಗಿ ಒಮ್ಮೆಲೇ ತೆರೆಯುತ್ತದೆ, ಕಾದ ಹೆಡ್ಡಿಗೆ ತಣ್ಣೀರು ನುಗ್ಗುತ್ತದೆ.

ಮೂರನೆಯದು ಗಂಗಾವತಿಯ ಜಿಪ್ಸಿಯದು. ಹಳೇ ಕಾರ್ಬೊರೇಟರ್ ಮಾರುತಿ 800 ಮತ್ತು ಜಿಪ್ಸಿಗಳಲ್ಲಿ ಥರ್ಮೋಸ್ಟಾಟ್ ಕೂರುವುದೇ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ. ಹೆಡ್ಡಿನ ಬಿಸಿನೀರು ಮ್ಯಾನಿಫೋಲ್ಡ್ ಹಾದು, ಥರ್ಮೋಸ್ಟಾಟ್ ದಾಟಿ, ಮೇಲಿನ ಹೋಸಿನಿಂದ ರೇಡಿಯೇಟರಿಗೆ ಹೋಗುತ್ತದೆ. ಇದನ್ನು ಮುಚ್ಚುವ ಹಾಗಿಲ್ಲ, ಬೇರೆ ದಾರಿ ಕಟ್ಟಿಕೊಡಬೇಕು.

ಇದರ ಜೊತೆಗೇ ಗಮನಿಸಬೇಕಾದ್ದು ಟೆಂಪರೇಚರ್ ಮೀಟರಿನ ಸೆನ್ಸರ್ ಮತ್ತು ಫ್ಯಾನ್ ಸ್ವಿಚ್. ಬಹಳ ಗಾಡಿಗಳಲ್ಲಿ ಇವು ಮ್ಯಾನಿಫೋಲ್ಡಿನ ನೀರಿನಲ್ಲೇ ಮುಳುಗಿರುತ್ತವೆ. ದಾರಿ ಮುಚ್ಚಿದರೆ ಅವು ನಿಂತ ನೀರಿನಲ್ಲೋ ಬರೀ ಗಾಳಿಯಲ್ಲೋ ಉಳಿಯುತ್ತವೆ. ಆಗ ಇಂಜಿನ್ ಕುದಿಯುತ್ತಿದ್ದರೂ ಡ್ಯಾಶ್‌ಬೋರ್ಡಿನ ಮುಳ್ಳು ಅರ್ಧಕ್ಕೇ ನಿಂತಿರುತ್ತದೆ, ಫ್ಯಾನ್ ತಿರುಗುವುದಿಲ್ಲ.

ನಾನು ಇದನ್ನು ಕಲಿತದ್ದು ನಷ್ಟ ಮಾಡಿಕೊಂಡು. ಕೆಲಸ ಕಲಿತ ಹೊಸದರಲ್ಲಿ ಒಂದು ಹಳೇ ಕಾರಿನ ಮ್ಯಾನಿಫೋಲ್ಡ್ ಸೋರುತ್ತಿತ್ತೆಂದು ಬೈಪಾಸ್ ದಾರಿಯನ್ನು ಪ್ಲಗ್ ಹಾಕಿ ಮುಚ್ಚಿದೆ. ಸೋರುವುದು ನಿಂತಿತು. ಮೇ ತಿಂಗಳು, ಮಧ್ಯಾಹ್ನದ ಹೊತ್ತು. ತೋರಣಗಲ್ಲು ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ತೆವಳುತ್ತಾ ಹೋಗುವಾಗ ಕಾರು ಟಿಕ್ ಟಿಕ್ ಸದ್ದು ಮಾಡತೊಡಗಿತು. ಮುಳ್ಳು ಮಾತ್ರ ಅಲುಗಿರಲಿಲ್ಲ. ಹೆಡ್ ಬಿಚ್ಚಿ ಸ್ಕೇಲ್ ಇಟ್ಟು ನೋಡಿದರೆ ನಡುವೆ ಫೀಲರ್ ಗೇಜಿನ (ಸಂದು ಅಳೆಯುವ ತೆಳು ತಗಡುಗಳ ಕಟ್ಟು) ದಪ್ಪ ಎಲೆಯೇ ತೂರಿತು, ಅಂದರೆ ಹೆಡ್ ಬಾಗಿತ್ತು. ನಮ್ಮ ಉಸ್ತಾದರು ಬೈಯಲಿಲ್ಲ. "ಬೂಚು ಹೊಡೆಯೋ ಮುಂಚೆ ನೀರನ್ನ ಕೇಳಬೇಕಿತ್ತು" ಎಂದರು. ಆ ಹೆಡ್ಡಿನ ಖರ್ಚನ್ನು ಮೂರು ತಿಂಗಳ ಕೂಲಿಯಲ್ಲಿ ತೀರಿಸಿದೆ.

ಕಾನೂನಿನ ಮಾತು

ರಸ್ತೆಗೆ ಇಳಿಸುವ ಗಾಡಿಯಾದರೆ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ತಿದ್ದುಪಡಿಯಿಂದ ಸೇರಿದ 182ಎ ಸೆಕ್ಷನ್‌ನಲ್ಲಿ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಇವೆ. ಕೆಎ-34 ಇರಲಿ, 36 ಇರಲಿ, 37 ಇರಲಿ, ನಿಯಮ ಒಂದೇ. ತೂತು ಬಿದ್ದ ದಾರಿಯ ರಿಪೇರಿ ಬೇರೆ, ಎರಡು ಕಾರ್ಬೊರೇಟರ್ ಏರಿಸುವುದು ಬೇರೆ. ಎರಡನೆಯದಾದರೆ ಕೇಳಿಯೇ ಮಾಡಿ.

ಯಾವ ಬೂಚು, ಯಾಕೆ

ಯಾವ ದಾರಿ ಮುಚ್ಚಬಹುದು ಎಂದು ಖಾತ್ರಿಯಾದ ಮೇಲೆ ಬೂಚಿನ ವಿಚಾರ. ಎರಡು ಉಂಡೆ ಕಲಸಿ ಮೆತ್ತುವ ಎಪಾಕ್ಸಿ ಪುಟ್ಟಿಯನ್ನು ಮೊದಲೇ ಪಕ್ಕಕ್ಕಿಡಿ. ಮನೆಯ ನಲ್ಲಿಗೆ ಅದು ಸಾಕು. ಇಲ್ಲಿ ನೀರು 100 ಡಿಗ್ರಿಯ ಆಸುಪಾಸು ಇರುತ್ತದೆ, ರೇಡಿಯೇಟರ್ ಕ್ಯಾಪ್ ಹಿಡಿದಿಡುವ 0.9 ಕೆಜಿ ಒತ್ತಡ ಇರುತ್ತದೆ, ದಿನಕ್ಕೆ ನಾಲ್ಕು ಸಲ ಕಾದು ತಣ್ಣಗಾಗುತ್ತದೆ. ಬರೀ ಪುಟ್ಟಿ ಒಂದು ದಿನ ಬಿಲ್ಲೆಯಾಗಿ ಎದ್ದು ಬರುತ್ತದೆ.

ಒಳ್ಳೆಯ ದಾರಿ ಥ್ರೆಡ್ ಪ್ಲಗ್. ದುಂಡನೆ ತೂತಿಗೆ ಟ್ಯಾಪ್ ಹೊಡೆದು (ಥ್ರೆಡ್ ಕೊರೆಯುವ ಉಪಕರಣವೇ ಟ್ಯಾಪ್) ಟೇಪರ್ ಪ್ಲಗ್, ಅಂದರೆ ತುದಿಗೆ ಸಪೂರಾದ ಪ್ಲಗ್ ಕೂರಿಸುವುದು. ಬಿಚ್ಚಬೇಕೆಂದರೆ ನಾಳೆ ಬಿಚ್ಚಬಹುದು, ಸೋರಿದರೆ ಗೊತ್ತಾಗುತ್ತದೆ. ಬ್ಲಾಕಿನ ಬದಿಯಲ್ಲಿರುವಂಥ ಬಟ್ಟಲು ಆಕಾರದ ವಾಟರ್ ಪ್ಲಗ್ ಇನ್ನೊಂದು ದಾರಿ, ಆದರೆ ತೂತನ್ನು ನಿಖರ ಅಳತೆಗೆ ಬೋರ್ ಮಾಡಿಸಬೇಕು, ಸುತ್ತ ಗಟ್ಟಿ ಗೋಡೆ ಇರಬೇಕು. ತೆಳು ಅಲ್ಯೂಮಿನಿಯಂ ಗೋಡೆಗೆ ಸುತ್ತಿಗೆಯಿಂದ ಹೊಡೆದರೆ ಬಿರುಕು ಬಿಡುತ್ತದೆ. ಆಕಾರ ಸೊಟ್ಟಗಿದ್ದರೆ ಆರ್ಗಾನ್ ವೆಲ್ಡಿಂಗ್ ಒಂದೇ ಗತಿ. ವರ್ಷಗಟ್ಟಲೆ ಕೂಲೆಂಟ್ ಕುಡಿದ ಎರಕಕ್ಕೆ ವೆಲ್ಡಿಂಗ್ ಸುಲಭವಾಗಿ ಹಿಡಿಯುವುದಿಲ್ಲ, ಗುಳ್ಳೆ ಏಳುತ್ತವೆ. ಅರದಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಮೊದಲು ಸ್ವಲ್ಪ ಕಾಯಿಸಿ, ಆಮೇಲೆ ಹಚ್ಚಬೇಕು. ವೆಲ್ಡ್ ಆದ ಮೇಲೆ ಫೇಸ್, ಅಂದರೆ ಹೆಡ್ಡಿಗೆ ಕೂರುವ ಚಪ್ಪಟೆ ಮೈ, ಸೊಟ್ಟ ಹೋಗಿಯೇ ಇರುತ್ತದೆ, ಮತ್ತೆ ಫೇಸಿಂಗ್ ಹೊಡೆಸದೆ (ಮಷೀನಿನಲ್ಲಿ ಸಮ ಮಾಡಿಸದೆ) ಕೂರಿಸಬೇಡಿ.

ಪ್ಲಗ್ಗಿನ ಲೋಹದ ಬಗ್ಗೆ ಲೇತ್ ಅಂಗಡಿಯಲ್ಲೂ ಜಗಳವಾಗುತ್ತದೆ. ನನ್ನ ಲೆಕ್ಕ ಹೀಗೆ. 20 ಮಿಲಿಮೀಟರ್ ತೂತು 80 ಡಿಗ್ರಿ ಕಾದರೆ ಅಲ್ಯೂಮಿನಿಯಂನಲ್ಲಿ ಸುಮಾರು 0.037 ಮಿಲಿಮೀಟರ್ ಹಿಗ್ಗುತ್ತದೆ. ಅದೇ ಅಳತೆಯ ಸ್ಟೀಲ್ ಪ್ಲಗ್ ಹಿಗ್ಗುವುದು 0.019 ಮಾತ್ರ. ಅಂದರೆ ಇಂಜಿನ್ ಬಿಸಿಯಾದಾಗಲೆಲ್ಲ ತೂತು ಪ್ಲಗ್ಗಿನಿಂದ 0.018ರಷ್ಟು ದೂರ ಸರಿಯುತ್ತದೆ, ಒಂದು ಕೂದಲಿನ ಕಾಲು ಪಾಲು. ಬಿಗಿ ಹಿಡಿತದಿಂದಲೇ ನಿಂತ ಬಟ್ಟಲು ಪ್ಲಗ್ಗಿಗೆ ಇದು ದೊಡ್ಡ ಮಾತು, ಥ್ರೆಡ್ ಇದ್ದದ್ದಕ್ಕೆ ಚಿಕ್ಕ ಮಾತು. ಹಿತ್ತಾಳೆ ಅಲ್ಯೂಮಿನಿಯಂಗೆ ಹತ್ತಿರ ಹಿಗ್ಗುತ್ತದೆ, ಆದರೆ ಕೂಲೆಂಟ್ ಬದಲು ಬೋರಿನ ನೀರು ಹಾಕಿದರೆ ಹಿತ್ತಾಳೆಯ ಸುತ್ತಲಿನ ಅಲ್ಯೂಮಿನಿಯಂ ಕರಗತೊಡಗುತ್ತದೆ. ಅಲ್ಯೂಮಿನಿಯಂ ತೂತಿಗೆ ಅಲ್ಯೂಮಿನಿಯಂ ಪ್ಲಗ್ ಎಂಬುದೇ ನನ್ನ ಆಯ್ಕೆ. ಒಣಗಿದ್ದರೆ ಥ್ರೆಡ್ ಕಚ್ಚಿಕೊಳ್ಳುತ್ತದೆ, ಸೀಲೆಂಟ್ ಹಚ್ಚದೆ ತಿರುಗಿಸಬೇಡಿ.

ಟ್ಯಾಪ್ ಹೊಡೆಯುವಾಗ

ನಮ್ಮ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಬಿಎಸ್‌ಪಿ ಟೇಪರ್, ಅಂದರೆ ಬ್ರಿಟಿಷ್ ಅಳತೆಯ ಪೈಪ್ ಥ್ರೆಡ್. ಆನ್‌ಲೈನಿನಲ್ಲಿ ತರಿಸಿದ ಪ್ಲಗ್ ಅಮೆರಿಕದ ಅಳತೆಯ ಎನ್‌ಪಿಟಿ ಇರಬಹುದು. ಎರಡೂ ನೋಡಲು ಅಣ್ಣತಮ್ಮಂದಿರ ಹಾಗಿವೆ, ಆದರೆ ಕಾಲು ಇಂಚಿನ ಬಿಎಸ್‌ಪಿಗೆ ಇಂಚಿಗೆ 19 ಥ್ರೆಡ್, ಎನ್‌ಪಿಟಿಗೆ 18. ಒಂದರ ಟ್ಯಾಪಿಗೆ ಇನ್ನೊಂದರ ಪ್ಲಗ್ ಎರಡು ಸುತ್ತು ಹೋಗಿ ಬಿಗಿಯಾದಂತೆ ಅನಿಸುತ್ತದೆ, ಬಿಸಿಯಾದಾಗ ಸೋರುತ್ತದೆ. ಪ್ಲಗ್ ಮತ್ತು ಟ್ಯಾಪನ್ನು ಪಕ್ಕಪಕ್ಕ ಹಿಡಿದು ಹಲ್ಲಿಗೆ ಹಲ್ಲು ಕೂರುತ್ತದೆಯೇ ಎಂದು ಬೆಳಕಿಗೆ ಹಿಡಿದು ನೋಡಿ.

ಬಿಎಸ್‌ಪಿ ಟೇಪರಿಗೆ ಡ್ರಿಲ್ ಅಳತೆ: ಎಂಟನೇ ಒಂದು ಇಂಚಿಗೆ 8.4, ಕಾಲು ಇಂಚಿಗೆ 11.2, ಮೂರೆಂಟನೆಗೆ 14.75, ಅರ್ಧ ಇಂಚಿಗೆ 18.25 ಮಿಲಿಮೀಟರ್. ಇರುವ ತೂತು ಇದಕ್ಕಿಂತ ದೊಡ್ಡದಿದ್ದರೆ ಮುಂದಿನ ಅಳತೆಗೆ ಹೋಗಿ. ಡ್ರಿಲ್ ಹಾಕುವ ಮುಂಚೆ ಸುತ್ತಲಿನ ಗೋಡೆ ಎಷ್ಟು ದಪ್ಪ ಎಂದು ತಂತಿ ಮಡಚಿ ಒಳಗಿನಿಂದ ಅಳೆಯಿರಿ. ಪಕ್ಕದಲ್ಲೇ ಗಾಳಿಯ ದಾರಿ ಇರುತ್ತದೆ, ಅದಕ್ಕೆ ತೂತು ಬಿದ್ದರೆ ಮ್ಯಾನಿಫೋಲ್ಡ್ ಗುಜರಿಗೆ.

ಟೇಪರ್ ಟ್ಯಾಪಿನ ಗುಟ್ಟು ಆಳದಲ್ಲಿದೆ. ಅದು ಕೆಳಗಿಳಿದಷ್ಟೂ ತೂತು ಅಗಲವಾಗುತ್ತದೆ. ಪೂರ್ತಿ ಇಳಿಸಿಬಿಟ್ಟರೆ ಪ್ಲಗ್ ಒಳಗೇ ಬಿದ್ದೀತು. ಟ್ಯಾಪಿಗೆ ಸೀಮೆಎಣ್ಣೆ ಹಾಕುತ್ತಾ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸಿ. ಚೂರು ಮುರಿಯುವಾಗ ಕೈಗೆ ಸಣ್ಣ ಕಟಕ್ ಸಿಗುತ್ತದೆ. ನಾಲ್ಕೈದು ಸುತ್ತಿಗೊಮ್ಮೆ ಟ್ಯಾಪ್ ತೆಗೆದು, ತೂತು ಒರೆಸಿ, ಪ್ಲಗ್ಗನ್ನು ಬೆರಳಿನಿಂದ ತಿರುಗಿಸಿ ನೋಡಿ. ಬೆರಳಿನಿಂದ ಮೂರ್ನಾಲ್ಕು ಸುತ್ತು ಹೋಗಿ ನಿಂತರೆ ಟ್ಯಾಪ್ ಸಾಕು. ಅಲ್ಲಿಂದ ಸ್ಪ್ಯಾನರಿನಲ್ಲಿ ಒಂದೂವರೆ ಸುತ್ತು, ಹೆಚ್ಚೆಂದರೆ ಎರಡು. ಟೇಪರ್ ಪ್ಲಗ್ ಬೆಣೆಯ ಹಾಗೆ, ಇನ್ನೂ ಎಳೆದರೆ ಎರಕವನ್ನು ಸೀಳುತ್ತದೆ.

ಹೆಡ್ಡನ್ನು ಗಾಡಿಯಲ್ಲೇ ಇಟ್ಟು ಟ್ಯಾಪ್ ಹೊಡೆಯುವುದಾದರೆ ಇನ್‌ಟೇಕ್ ತೂತುಗಳಿಗೆಲ್ಲ ಮೊದಲು ಬಟ್ಟೆ ತುರುಕಿ, ಎಷ್ಟು ಬಟ್ಟೆ ಎಂದು ಎಣಿಸಿ ಬರೆದಿಡಿ. ಟ್ಯಾಪಿನ ಉದ್ದ ತೋಡುಗಳಿಗೆ ಗ್ರೀಸ್ ತುಂಬಿದರೆ ಚೂರು ಅದಕ್ಕೇ ಅಂಟಿ ಹೊರಬರುತ್ತದೆ. ಮುಗಿದ ಮೇಲೆ ನೀರಿನ ದಾರಿಗೆ ಮಾತ್ರ ನೀರು ಬಿಟ್ಟು ಒಳಗೆ ಚೆನ್ನಾಗಿ ತೊಳೆಯಿರಿ.

ಸೀಲಿಗೆ ನಾನು ಬಳಸುವುದು ಲಾಕ್‌ಟೈಟ್ 577ರಂಥ ಪೈಪ್ ಥ್ರೆಡ್ ಸೀಲೆಂಟ್. ಗಾಳಿ ಸಿಗದ ಕಡೆ, ಲೋಹದ ನಡುವೆ ಅದು ಗಟ್ಟಿಯಾಗುತ್ತದೆ. ಎಣ್ಣೆ ಪಸೆ ಇದ್ದರೆ ಹಿಡಿಯದು, ಥಿನ್ನರಿನಲ್ಲಿ ಒರೆಸಿ. ಮೊದಲ ಥ್ರೆಡ್ ಬಿಟ್ಟು ಹಚ್ಚಿ, 24 ಗಂಟೆ ಮುಟ್ಟಬೇಡಿ. ಟೆಫ್ಲಾನ್ ಟೇಪೂ ನಡೆಯುತ್ತದೆ, ಆದರೆ ಹರಿದ ಎಳೆ ನೀರಿಗೆ ಬೀಳದಂತೆ ಸುತ್ತಬೇಕು. ಸಿಲಿಕಾನ್ ಪೇಸ್ಟನ್ನು ಥ್ರೆಡ್ಡಿಗೆ ಮೆತ್ತಬೇಡಿ. ಒಳಗೆ ಉಕ್ಕಿದ ಮುದ್ದೆ ಕಳಚಿಕೊಂಡು ಹೋಗಿ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕೂರುತ್ತದೆ.

ಹೆಡ್ಡಿನ ಫೇಸಿನಲ್ಲಿ ತೂತು ಉಳಿದರೆ

ಹೊಸ ಮ್ಯಾನಿಫೋಲ್ಡಿನ ಫ್ಲೇಂಜೇ (ಬೋಲ್ಟ್ ಹಾಕುವ ಚಪ್ಪಟೆ ಅಂಚು) ತೂತಿನ ಮೇಲೆ ಕೂರುತ್ತದೆ, ಪ್ಯಾಕಿಂಗ್ ಹಿಡಿಯುತ್ತದೆ ಎಂದು ಬಿಡುವವರಿದ್ದಾರೆ. ಇಲ್ಲಿ ಎಚ್ಚರ ಬೇಕು. ಹೊರಗೆ ಸೋರಿದರೆ ನೆಲದ ಮೇಲೆ ಹಸಿರು ಹನಿ ಕಾಣುತ್ತದೆ. ಪ್ಯಾಕಿಂಗ್ ಒಳಗಡೆ ಬಿಟ್ಟರೆ ನೀರು ಪಕ್ಕದ ಇನ್‌ಟೇಕ್ ದಾರಿಗೆ, ಅಲ್ಲಿಂದ ಸಿಲಿಂಡರಿಗೆ ಇಳಿಯುತ್ತದೆ. ರಾತ್ರಿಯಿಡೀ ಇಳಿದು ಪಿಸ್ಟನ್ ಮೇಲೆ ನಿಂತ ನೀರು ಬೆಳಗ್ಗೆ ಸೆಲ್ಫ್ ಹೊಡೆದಾಗ ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದಕ್ಕೇ ಹೆಡ್ಡಿನ ತೂತಿಗೆ ಮೊದಲು ಪ್ಲಗ್, ಅದರ ಮೇಲೆ ಪ್ಯಾಕಿಂಗ್, ಮೇಲೆ ಫ್ಲೇಂಜ್. ಪ್ಲಗ್ಗಿನ ತಲೆ ಫೇಸಿಗಿಂತ ಒಂದು ಮಿಲಿಮೀಟರ್ ಒಳಗಿರಲಿ. ಫ್ಲೇಂಜ್ ತೂತಿನ ಸುತ್ತ ಕನಿಷ್ಠ 5–6 ಮಿಲಿಮೀಟರ್ ಹರಡಿರಬೇಕು.

ಫ್ಲೇಂಜ್ ಸಮ ಇದೆಯೇ ಎಂದು ನೋಡಲು ದಪ್ಪ ಗಾಜಿನ ಮೇಲೆ ಎಮರಿ ಹಾಳೆ ಅಂಟಿಸಿ ಎಂಟರ ಆಕಾರದಲ್ಲಿ ನಾಲ್ಕು ಸಲ ಉಜ್ಜಿ. ಹೊಳಪು ಬರದ ಜಾಗ ತಗ್ಗು. ಸ್ಟೀಲ್ ಸ್ಕೇಲ್ ಇಟ್ಟು 0.10 ಮಿಲಿಮೀಟರ್ ಫೀಲರ್ ಎಲ್ಲಿಯಾದರೂ ತೂರಿದರೆ ಫೇಸಿಂಗಿಗೆ ಕೊಡಿ.

ಮೂರನೆಯ ಬಗೆಯ ಗಾಡಿಗೆ, ಅಂದರೆ ಆ ಜಿಪ್ಸಿಗೆ, ನಾವು ಮಾಡಿದ್ದು ಇದು: ದಪ್ಪ ಅಲ್ಯೂಮಿನಿಯಂ ತುಂಡು ತಂದು, ಹೆಡ್ಡಿನ ನೀರಿನ ಬಾಯಿಗೆ ಬೋಲ್ಟ್ ಆಗುವಂತೆ ಮಿಲ್ಲಿಂಗ್ ಮಾಡಿಸಿದೆವು. ಅದರಲ್ಲೇ ಥರ್ಮೋಸ್ಟಾಟ್ ಕೂರುವ ಗುಳಿ, ರೇಡಿಯೇಟರ್ ಹೋಸಿನ ಬಾಯಿ, ಬೈಪಾಸ್ ಮತ್ತು ಹೀಟರಿಗೆ ಹಳೇ ಅಳತೆಯದೇ ಒಳವ್ಯಾಸದ ಸ್ಪೌಟ್, ಸೆನ್ಸರ್ ಮತ್ತು ಫ್ಯಾನ್ ಸ್ವಿಚ್ಚಿಗೆ ಥ್ರೆಡ್. ಸೆನ್ಸರುಗಳನ್ನು ಥರ್ಮೋಸ್ಟಾಟಿಗಿಂತ ಹಿಂದೆ, ಹೆಡ್ಡಿನ ಕಡೆ ಇಟ್ಟೆವು. ಮುಂದೆ ಇಟ್ಟರೆ ಥರ್ಮೋಸ್ಟಾಟ್ ತೆರೆಯುವವರೆಗೆ ಅವಕ್ಕೆ ಬಿಸಿನೀರು ಸಿಗುವುದಿಲ್ಲ. ಬೈಪಾಸಿಗೆ ಕೂಲೆಂಟ್ ಹೋಸೇ ಹಾಕಿ, ಹೊಲದ ಪೈಪು ಬಾನೆಟ್ ಕೆಳಗೆ ಒಂದು ವಾರವೂ ತಡೆಯದು.

"ನಮ್ಮ ಊರ ಬಿಸಿಲಿಗೆ ಥರ್ಮೋಸ್ಟಾಟೇ ಬ್ಯಾಡ, ತಗದು ಒಗಿ" ಎಂಬ ಮಾತು ಇಲ್ಲಿ ಪ್ರತಿ ಗ್ಯಾರೇಜಿನಲ್ಲೂ ಕೇಳುತ್ತದೆ. ಒಪ್ಪಬೇಡಿ. ಕೆಲವು ಥರ್ಮೋಸ್ಟಾಟ್ ತೆರೆಯುವಾಗಲೇ ಬೈಪಾಸ್ ಬಾಯಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬಿಸಿನೀರು ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲೇ ಸುತ್ತಿ ಇಂಜಿನ್ ಇನ್ನಷ್ಟು ಕಾಯುತ್ತದೆ.

ಗಾಡಿಗೆ ಏರಿಸುವ ಮುಂಚೆ ಬಕೆಟ್ ಪರೀಕ್ಷೆ

ಪ್ಲಗ್ ಹಾಕಿದ ಮ್ಯಾನಿಫೋಲ್ಡನ್ನು ಪರೀಕ್ಷಿಸದೆ ಏರಿಸಬೇಡಿ. ಉಳಿದ ತೂತುಗಳಿಗೆ ರಬ್ಬರ್ ಹಾಳೆ ಮತ್ತು ಪಟ್ಟಿ ಇಟ್ಟು ಬೋಲ್ಟ್ ಬಿಗಿಯಿರಿ. ಒಂದು ಪಟ್ಟಿಗೆ ಸೈಕಲ್ ಟ್ಯೂಬಿನ ವಾಲ್ವ್ ಕೂರಿಸಿ. ಮೀಟರ್ ಇರುವ ಕೈಪಂಪಿನಲ್ಲಿ 15 ಪಿಎಸ್‌ಐ ಏರಿಸಿ, ನೀರಿನ ಟಬ್ಬಿನಲ್ಲಿ ಮುಳುಗಿಸಿ ಹತ್ತು ನಿಮಿಷ ಬಿಡಿ. ಕಂಪ್ರೆಸರ್ ಹಚ್ಚಬೇಡಿ, ಪಟ್ಟಿ ಹಾರಿ ಮುಖಕ್ಕೆ ಬಡಿದೀತು. ಮೊದಲು ಏಳುವ ಗುಳ್ಳೆ ಮೂಲೆಗಳಲ್ಲಿ ಸಿಕ್ಕ ಗಾಳಿ, ಕೈಯಿಂದ ಒರೆಸಿ. ಒಂದೇ ಜಾಗದಿಂದ ಸಾಸಿವೆ ಕಾಳಿನಂಥ ಗುಳ್ಳೆ ಸಾಲಾಗಿ ಬಂದರೆ ಅದೇ ಸೋರಿಕೆ. ತಣ್ಣೀರಿನಲ್ಲಿ ಪಾಸಾದರೆ ಕುದಿವ ನೀರು ಸುರಿದು ಇನ್ನೊಮ್ಮೆ ನೋಡಿ. ಬಿಸಿಯಲ್ಲಿ ಮಾತ್ರ ಸೋರುವ ಪ್ಲಗ್ಗುಗಳು ಇಲ್ಲಿ ಸಿಕ್ಕಿಬೀಳುತ್ತವೆ.

ಜೋಡಣೆ, ನೀರು ತುಂಬುವುದು, ಓಡಿಸಿ ನೋಡುವುದು

ಹೊಸ ಪ್ಯಾಕಿಂಗ್ ಹಾಕಿ, ತುರುಕಿದ ಬಟ್ಟೆಗಳನ್ನು ಎಣಿಸಿ ತೆಗೆದು, ಬೋಲ್ಟುಗಳನ್ನು ನಡುವಿನಿಂದ ಆರಂಭಿಸಿ ಹೊರಗಡೆಗೆ ಎರಡು ಸುತ್ತಿನಲ್ಲಿ ಬಿಗಿಯಿರಿ. ಈ ಹಳೇ ಮಾರುತಿ ಇಂಜಿನ್ನುಗಳ 8 ಎಂಎಂ ಬೋಲ್ಟಿಗೆ 18ರಿಂದ 23 ನ್ಯೂಟನ್ ಮೀಟರ್ ಸಾಕು.

ಮ್ಯಾನಿಫೋಲ್ಡಿನ ನೀರಿನ ಅಂಕಣ ಎಷ್ಟೋ ಗಾಡಿಗಳಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ, ಗಾಳಿ ಅಲ್ಲಿಂದಲೇ ಹೊರಹೋಗುತ್ತಿತ್ತು. ಅದು ಹೋದ ಮೇಲೆ ಗಾಳಿ ಹೆಡ್ಡಿನಲ್ಲೇ ಸಿಕ್ಕಿಕೊಳ್ಳುತ್ತದೆ. ಗಾಡಿಯ ಮೂತಿಯನ್ನು ಇಳಿಜಾರಿನ ಮೇಲೆ ಎತ್ತಿ ನಿಲ್ಲಿಸಿ, ಹೀಟರ್ ಪೂರ್ತಿ ತೆರೆದು, ನಿಧಾನ ತುಂಬಿ. ಥರ್ಮೋಸ್ಟಾಟಿನ ಅಂಚಿನಲ್ಲಿ ಗಾಳಿ ಬಿಡುವ ಸಣ್ಣ ತೂತಿದ್ದರೆ ಅದು ಮೇಲ್ಮುಖವಾಗಿರಲಿ. ಇಲ್ಲದಿದ್ದರೆ 2 ಮಿಲಿಮೀಟರ್ ತೂತು ಕೊರೆಯಬಹುದು. ಡಿಸ್ಟಿಲ್ಡ್ ನೀರಿಗೆ ಕನಿಷ್ಠ ನೂರಕ್ಕೆ 30 ಕೂಲೆಂಟ್ ಬೆರೆಸಿ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಯಾಕೆ ಎಂದು ಕೇಳುವವರಿಗೆ: ಅದರಲ್ಲಿರುವ ತುಕ್ಕು ತಡೆಯುವ ಮದ್ದೇ ನಿಮ್ಮ ಪ್ಲಗ್ಗನ್ನು ಕಾಯುವುದು.

ಕ್ಯಾಪ್ ತೆರೆದೇ ಸ್ಟಾರ್ಟ್ ಮಾಡಿ, ಗುಳ್ಳೆ ನಿಲ್ಲುವವರೆಗೆ ತುಂಬುತ್ತಿರಿ, ಮಟ್ಟ ಏರತೊಡಗಿದಾಗ ಕ್ಯಾಪ್ ಹಾಕಿ. ಆಮೇಲೆ ಬಿಸಿ ಇರುವಾಗ ಎಂದೂ ಆ ಕ್ಯಾಪ್ ತೆಗೆಯಬೇಡಿ. ಬೈಪಾಸ್ ಹೋಸನ್ನು ಕೈಯಲ್ಲಿ ಹಿಡಿದಿರಿ. ರೇಡಿಯೇಟರಿನ ಮೇಲಿನ ಹೋಸಿಗಿಂತ ಮೊದಲು ಅದು ಬಿಸಿಯಾಗಬೇಕು. ಹಾಗೆ ಬಿಸಿಯಾದರೆ ನೀರು ಸುತ್ತುತ್ತಿದೆ ಎಂದರ್ಥ. ಆಗದಿದ್ದರೆ ತಕ್ಷಣ ಆಫ್ ಮಾಡಿ, ಮತ್ತೆ ಆ ಚಿತ್ರದ ಹಾಳೆ ತೆಗೆಯಿರಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಹೆಡ್ಡಿನ ಹಿಂಬದಿ, ಮುಂಬದಿ, ಥರ್ಮೋಸ್ಟಾಟ್ ಮನೆ, ಮೂರೂ ಕಡೆ ಅಳೆದು ಬರೆದಿಡಿ.

ನಿಂತಲ್ಲೇ ಫ್ಯಾನ್ ಮೂರು ಸಲ ತಾನಾಗಿ ಆನ್ ಆಗಿ ಆಫ್ ಆಗಬೇಕು. ಆಮೇಲೆ ಮಧ್ಯಾಹ್ನದ ಬಿಸಿಲಲ್ಲಿ, ಮೋತಿ ಸರ್ಕಲ್ಲಿನಂಥ ಗದ್ದಲದಲ್ಲೂ ಹೆದ್ದಾರಿಯಲ್ಲೂ ಸೇರಿ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ. ಡಿಕ್ಕಿಯಲ್ಲಿ ಐದು ಲೀಟರ್ ನೀರು ಇರಲಿ. ಮಾರನೇ ದಿನ ತಣ್ಣಗಿರುವಾಗ ನೀರಿನ ಮಟ್ಟ, ಆಯಿಲ್ ಡಿಪ್‌ಸ್ಟಿಕ್, ಸ್ಪಾರ್ಕ್ ಪ್ಲಗ್ ನೋಡಿ. ಆಯಿಲ್ ಹಾಲಿನ ಚಹಾ ಬಣ್ಣಕ್ಕೆ ತಿರುಗಿದ್ದರೆ, ಒಂದೇ ಸ್ಪಾರ್ಕ್ ಪ್ಲಗ್ ತೊಳೆದಂತೆ ಹೊಳೆಯುತ್ತಿದ್ದರೆ ನೀರು ಒಳಗಿಳಿಯುತ್ತಿದೆ. ಬೋಲ್ಟುಗಳನ್ನು ಇನ್ನೊಮ್ಮೆ ಟಾರ್ಕ್ ಮಾಡಿ. 500 ಕಿಲೋಮೀಟರ್ ಆದ ಮೇಲೆ ಪ್ಲಗ್ಗಿನ ಸುತ್ತ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ ಎಂದು ಟಾರ್ಚ್ ಹಾಕಿ ನೋಡಿ.

ಕೊನೆಯ ಕೆಲಸ, ಬಹಳ ಮಂದಿ ಬಿಡುವಂಥದ್ದು. ನಿಮ್ಮ ಚಿತ್ರದ ಹಾಳೆಯಲ್ಲಿ ಯಾವ ದಾರಿ ಮುಚ್ಚಿದ್ದೀರಿ, ಬೈಪಾಸ್ ಈಗ ಎಲ್ಲಿದೆ, ಪ್ಲಗ್ ಯಾವ ಥ್ರೆಡ್, ಯಾವ ದಿನ ಹಾಕಿದ್ದು ಎಂದು ಬರೆದು, ಲ್ಯಾಮಿನೇಶನ್ ಮಾಡಿಸಿ ಬಾನೆಟ್ಟಿನ ಒಳಗೆ ಅಂಟಿಸಿ. ಗಂಗಾವತಿಯ ಜಿಪ್ಸಿ ಹೋದ ತಿಂಗಳು ಕುಷ್ಟಗಿಯ ಹತ್ತಿರ ಬೆಲ್ಟ್ ಕಡಿದುಕೊಂಡು ನಿಂತಾಗ, ಅಲ್ಲಿನ ಮೆಕ್ಯಾನಿಕ್ ಆ ಹಾಳೆ ಓದಿಯೇ ಹೋಸುಗಳನ್ನು ಸರಿಯಾದ ಬಾಯಿಗೆ ಜೋಡಿಸಿದನಂತೆ.